ದಡಿಗೆ ನಿಂತವಳು

ಸೀರೆಯ ಅಂಚಿಗೆ ನಮ್ಮ ಕಡೆ ದಡಿ ಅನ್ನುತ್ತಾರೆ. ರಬಕವಿಯ ನಮ್ಮ ಮನೆಗೆ ಬಂದವರು ಯಾರೇ ಆಗಲಿ, ಮಡಚಿಟ್ಟ ಸೀರೆ ಕೈಗೆ ಸಿಕ್ಕರೆ ಒಡಲನ್ನು ನೋಡುವ ಮೊದಲು ದಡಿಯನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿ ನೋಡುತ್ತಿದ್ದರು. ಒಡಲನ್ನು ಯಾರು ಬೇಕಾದರೂ ನೇಯ್ದಾರು, ದಡಿ ಕೂಡಿಸುವಲ್ಲಿ ನೇಕಾರನ ಕೈ ಗೊತ್ತಾಗುತ್ತದೆ ಎಂದು ಅಜ್ಜ ಹೇಳುತ್ತಿದ್ದನಂತೆ. ನಾನು ಅಜ್ಜನನ್ನು ನೋಡಿದವಳಲ್ಲ. ಆ ಮಾತು ನನಗೆ ಬಂದದ್ದು ಅಪ್ಪನ ಅಕ್ಕ ನೀಲತ್ತಿಯಿಂದ. "ಸೀರಿ ಬೆಲಿ ದಡ್ಯಾಗ" ಎಂದು ಅವಳು ಅಂದಾಗಲೆಲ್ಲ ಅದು ಸೀರೆಯ ಮಾತೇ ಆಗಿರಬೇಕೆಂದಿರಲಿಲ್ಲ. ರೊಟ್ಟಿಯ ಅಂಚು ಸೀದರೂ ಹಾಗೇ ಅನ್ನುತ್ತಿದ್ದಳು. ಊಟದ ಸಾಲಿನಲ್ಲಿ ತಾನು ಕೊನೆಗೆ ಕೂರುವಾಗಲೂ ಹಾಗೇ ಅಂದು ನಗುತ್ತಿದ್ದಳು.

ಮನೆಯ ಮುಂದಿನ ಕೋಣೆಯಲ್ಲಿ ಅಜ್ಜನ ಮಗ್ಗದ ಕುಣಿ ಇತ್ತು. ಮಗ್ಗ ಬಿಚ್ಚಿದ ಮೇಲೆ ಕುಣಿಗೆ ಹಲಗೆ ಹಾಸಿದ್ದರು. ಅದರ ಮೇಲೆ ನಡೆದರೆ ಕೆಳಗೆ ಪೊಳ್ಳು ಸದ್ದು ಬರುತ್ತಿತ್ತು. ಅಪ್ಪ ನೇಯಲಿಲ್ಲ. ಹೈಸ್ಕೂಲಿನಲ್ಲಿ ಕ್ಲರ್ಕ್ ಆದ. ನಮ್ಮ ಮನೆತನದಲ್ಲಿ ಪಗಾರ ತಂದವನು ಅವನೇ ಮೊದಲು. ಆದರೆ ನೂಲು ಮನೆಯಿಂದ ಪೂರ್ತಿ ಹೋಗಿರಲಿಲ್ಲ. ಕಿಟಕಿಯ ಕೆಳಗೆ ನೀಲತ್ತಿಯ ರಾಟಿ ಇತ್ತು. ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗೆ ನೂಲು ಸುತ್ತಿದರೆ ಅದು ಕಂಡಿಕೆ. ಓಣಿಯ ನಾಲ್ಕು ಮಗ್ಗಗಳಿಗೆ ಅವಳು ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಅದರ ಧೂಳು ದೇವರ ಪಟದ ಮೇಲೆ, ನೀರಿನ ಕೊಡದ ಮುಚ್ಚಳದ ಮೇಲೆ, ನನ್ನ ಪುಸ್ತಕಗಳ ಮೇಲೆ ಬೂದಿಯ ಹಾಗೆ ಕೂರುತ್ತಿತ್ತು. ಬೆಳಿಗ್ಗೆ ಅವ್ವ ಕಸ ಹೊಡೆಯುತ್ತಿದ್ದಳು, ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೂತಿರುತ್ತಿತ್ತು. ಅಕ್ಕ ಕಸ್ತೂರಿ ಅದಕ್ಕೆ ಸೀನುತ್ತಿದ್ದಳು. ನಾನು, ಮಾದೇವಿ, ಸೀನು ಬಾರದಿದ್ದರೂ ಸೀನುತ್ತಿದ್ದೆ.

ನೀಲತ್ತಿಗೆ ತೊನ್ನು ಇತ್ತು. ತುಟಿಯ ಮೇಲೆ, ಬೆರಳುಗಳ ತುದಿಯಲ್ಲಿ, ಮುಖದ ಮೇಲೆ ಇನ್ನೂ ಒಂದೆರಡು ಕಡೆ ಬಿಳುಪು. ಸದ್ಯ ಇಷ್ಟೇ ಬರೆಯಬಲ್ಲೆ. ಮನೆಯಲ್ಲಿ ಅದರ ಹೆಸರು ಎತ್ತುತ್ತಿರಲಿಲ್ಲ, ಅವಳನ್ನು ದೂರ ಇಟ್ಟೆವೆಂದೂ ಹೇಳಲಾರೆ. ಅವಳು ಕಲಸಿದ ಹಿಟ್ಟಿನ ರೊಟ್ಟಿ ತಿಂದೇ ನಾವು ಬೆಳೆದೆವು. ಆದರೆ ಬೀಗರು, ನೆಂಟರು ಬರುವರೆಂದು ಗೊತ್ತಾದ ದಿನ ಅವ್ವ ತಾನೇ ಒಲೆಯ ಮುಂದೆ ಕೂರುತ್ತಿದ್ದಳು, ನೀಲತ್ತಿ ಏನೂ ಕೇಳದೆ ಹಿತ್ತಲ ಬಾಗಿಲಿನ ಹತ್ತಿರ ಹೋಗಿ ಬೇಳೆ ಆರಿಸುತ್ತಿದ್ದಳು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ ಇದು. ಹೊರಗೆ ಹೋಗುವಾಗ ಅವಳು ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಬಿಸಿಲಿಗೆ ಹಿಡಿದಿದ್ದಾಳೆ ಎಂದು ನಾನು ಸಣ್ಣವಳಿದ್ದಾಗ ತಿಳಿದಿದ್ದೆ.

ಒಂಬತ್ತನೆಯ ತರಗತಿಯಲ್ಲಿ ಗೆಳತಿಯೊಬ್ಬಳು ಮನೆಗೆ ಬಂದಳು. ನೀಲತ್ತಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಗೆಳತಿ ಆ ಬೆರಳುಗಳನ್ನು ನೋಡಿದಳು, ತಂಬಿಗೆ ಇಸಿದುಕೊಂಡಳು, ಕುಡಿಯದೆ ಪಕ್ಕಕ್ಕೆ ಇಟ್ಟಳು. ನೀಲತ್ತಿ ಅದನ್ನು ಕಂಡೂ ಏನೂ ಆಗದವಳಂತೆ ರಾಟಿಗೆ ಹೋದಳು. ನನಗೆ ಗೆಳತಿಯ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನೀಲತ್ತಿಯ ಮೇಲೆ. ಅಂದಿನಿಂದ ಶಾಲೆಯಲ್ಲಿ ಯಾರಾದರೂ ಮನೆಗೆ ಬರುತ್ತೇವೆಂದರೆ, "ರಾಟಿ ಸಪ್ಪಳ ಭಾಳ, ಮಾತು ಕೇಳಸೂದಿಲ್ಲ" ಎಂದು ತಪ್ಪಿಸುತ್ತಿದ್ದೆ. ನಾನು ಹೇಳಿದ ಮೊದಲ ಸುಳ್ಳು ಅದಲ್ಲ, ಆದರೆ ಅವಳ ಬಗ್ಗೆ ಹೇಳಿದ ಮೊದಲ ಸುಳ್ಳು ಅದು.

ಆ ವರ್ಷ ಕಸ್ತೂರಿಗೆ ಲೋಕಾಪುರದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ನೌಕರಿ ಇತ್ತು, ಮನೆಯವರು ಮೆತ್ತಗಿನವರು ಎಂದು ಮಾತು. ಅಪ್ಪ ಸ್ಟುಡಿಯೋದಲ್ಲಿ ತೆಗೆಸಿದ ಕಸ್ತೂರಿಯ ಫೋಟೋ ಕಳಿಸಿದ. ನಡುವೆ ನಿಂತು ಮಾತಾಡುತ್ತಿದ್ದ ಹಿರಿಯರೊಬ್ಬರು ಅದನ್ನು ತಿರುಗಿ ತಂದು ಅಪ್ಪನ ಮುಂದೆ ಇಟ್ಟರು.

"ಸ್ಟುಡಿಯೋದಾಗ ಎಲ್ಲಾರೂ ಛಂದನ ಕಾಣ್ತಾರ್ರಿ. ಅವ್ರು ಹಂತಾದ್ದು ಕೇಳಂಗಿಲ್ಲ. ಮನಿ ಮಂದಿ ಎಲ್ಲಾ ಕೂಡಿ ನಿಂತದ್ದೊಂದು, ಸಾದಾ ಫೋಟೋ ಇದ್ರ ಕೊಡ್ರಿ ಅಂದಾರ."

ನಮ್ಮಲ್ಲಿ ಅಂಥದ್ದು ಇರಲಿಲ್ಲ. ಎಲ್ಲರೂ ಕೂಡಿ ನಿಂತ ಒಂದೂ ಫೋಟೋ ಮನೆಯಲ್ಲಿ ಇರಲಿಲ್ಲ. ಅವರು ಹೋದ ಮೇಲೆ ನೀಲತ್ತಿ ರಾಟಿ ನಿಲ್ಲಿಸಿ, ಹಾಗಾದರೆ ಒಂದು ಕ್ಯಾಮೆರಾನೇ ತಂದುಬಿಡೋಣ ಎಂದಳು. ಕಂಡಿಕೆಯಿಂದ ಬಂದದ್ದರಲ್ಲಿ ತಾನು ತೆಗೆದಿಟ್ಟದ್ದು ಇದೆ, ತಾನೇ ಕೊಡುತ್ತೇನೆ, ಆರಿಸುವುದೂ ತಾನೇ. ಅಪ್ಪ ನಕ್ಕ.

"ಕ್ಯಾಮೆರಾ ಬಗ್ಗೆ ನಿನಗೇನ್ ಗೊತ್ತ ಅಕ್ಕ?"

"ಫೋಟೋ ಬಗ್ಗೆ ಗೊತ್ತೈತಲ್ಲೋ."

ಆ ಮಾತಿಗೆ ಅಪ್ಪನ ನಗು ನಿಂತಿತು. ಏಕೆಂದು ಅವ್ವ ನನಗೆ ಆಮೇಲೆ ಹೇಳಿದಳು. ನೀಲತ್ತಿಯನ್ನು ಹರೆಯದಲ್ಲಿ ಒಮ್ಮೆ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರಂತೆ, ಕನ್ಯೆ ತೋರಿಸುವ ಫೋಟೋಗೆ. ಸ್ಟುಡಿಯೋದವನು ಫೋಟೋದ ಮೇಲೆಯೇ ಕುಂಚ ಹಿಡಿದು ತುಟಿಯ ಬಿಳುಪಿಗೆಲ್ಲ ಬಣ್ಣ ತುಂಬಿ ಕೊಟ್ಟ. ವರನ ಕಡೆಯವರು ಫೋಟೋ ನೋಡಿ ಒಪ್ಪಿ ಬಂದರು, ಅವಳನ್ನು ನೋಡಿ ಚಹಾ ಕುಡಿಯದೆ ಎದ್ದು ಹೋದರು. ಮೋಸ ಮಾಡಿದಿರಿ ಎಂದು ಓಣಿಯಲ್ಲಿ ನಿಂತು ಬೈದರು. ಅಜ್ಜ ಆ ಫೋಟೋವನ್ನು ಒಲೆಗೆ ಹಾಕಿದ. ಅದರ ಮಾತು ಬಂದರೆ ನೀಲತ್ತಿ ಇಷ್ಟೇ ಅನ್ನುತ್ತಿದ್ದಳಂತೆ: "ಸುಳ್ಳು ಹೇಳಿದ್ದು ಫೋಟೋ. ಬೈಸಿಕೊಂಡಾಕಿ ನಾನು."

ಅಂಗಡಿ ಇದ್ದದ್ದು ಜಮಖಂಡಿಯಲ್ಲಿ. ನಾವು ಇಬ್ಬರೇ ಬಸ್ಸಿನಲ್ಲಿ ಹೋದೆವು. ನಾನು ಯಾಕೆ ಜೊತೆಗೆ ಎಂದರೆ ಇಂಗ್ಲಿಷ್ ಅಕ್ಷರ ಓದುವುದಕ್ಕೆ. ಅಂಗಡಿಯವರು ವಯಸ್ಸಾದವರು, ಕುತ್ತಿಗೆಗೆ ಮಫ್ಲರ್ ಸುತ್ತಿದ್ದರು. ಗಾಜಿನ ಪೆಟ್ಟಿಗೆಯಿಂದ ಎರಡು ಕ್ಯಾಮೆರಾ ತೆಗೆದು ಬಟ್ಟೆಯ ಮೇಲೆ ಇಟ್ಟರು. ಒಂದು ಬೆಳ್ಳಿಯ ಬಣ್ಣದ್ದು, ಗುಂಡಿ ಒತ್ತಿದರೆ ಅದರ ಮೂತಿ ಗುರ್ ಎಂದು ಹೊರಗೆ ಬಂದು ದೂರದ್ದನ್ನು ಹತ್ತಿರ ತರುತ್ತಿತ್ತು, ಫೋಟೋದ ಮೂಲೆಯಲ್ಲಿ ತಾರೀಖು ಬರೆಯುತ್ತಿತ್ತು. ಇನ್ನೊಂದು ಕರಿಯದು, ಸೋಪಿನ ಡಬ್ಬಿಯಂಥದ್ದು. ಒಂದು ಕಿಂಡಿ, ಒಂದು ಗುಂಡಿ, ಒಂದು ಫ್ಲ್ಯಾಶು, ಕೈಗೆ ಹಾಕಿಕೊಳ್ಳುವ ದಾರ. ನನ್ನ ಕಣ್ಣು ಬೆಳ್ಳಿಯದರ ಮೇಲೆ ಅಂಟಿಕೊಂಡಿತು. ನೀಲತ್ತಿ ಬಾಯಿಗೆ ಹಿಡಿದಿದ್ದ ಸೆರಗನ್ನು ಬಿಡದೆಯೇ ಒಂದೊಂದೇ ಪ್ರಶ್ನೆ ಕೇಳಿದಳು.

"ಇದನ್ನ ಕನ್ನಡಕ ಹಾಕಿದಾವ್ರು ಹಿಡಿಬಹುದೇನ್ರಿ?"

"ಹಿಡಿಬಹುದ್ರಿ."

"ಇದರ ಸೆಲ್ ನಮ್ಮೂರಾಗ ಸಿಗತಾವೇನ್ರಿ?"

"ಕರೇದಕ್ಕ ಪೆನ್ಸಿಲ್ ಸೆಲ್ ಬಾಯಾರ, ಪಾನ್ ಅಂಗಡ್ಯಾಗೂ ಸಿಗತಾವ. ಬೆಳ್ಳೇದಕ್ಕ ಬ್ಯಾರೆ, ಇಲ್ಲಿಗೇ ಬರಬೇಕು."

"ನಮ್ಮ ಮನ್ಯಾಗ ನೂಲಿನ ಧೂಳು ಭಾಳ್ರಿ. ಈ ಮೂತಿ ಒಳಗ ಹೊರಗ ಆಡೂ ಹೊತ್ನ್ಯಾಗ ಧೂಳ ಒಳಗ ಹೋತಂದ್ರ?"

ಅಂಗಡಿಯವರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ಇಷ್ಟ ವರ್ಷಾತು, ಈ ಮಾತು ಕೇಳಿದಾವ್ರು ನೀವ ಮೊದಲನ್ಯಾರು. ಕೆಡತೈತ್ರಿ. ಸಾದಾದು ತಗೋರಿ. ಕೆಡೂದಕ್ಕ ಅದರಾಗ ಏನೂ ಇಲ್ಲ."

ನಾನು ಅವಳ ತೋಳು ಜಗ್ಗಿ, ಅತ್ತಿ, ಬೆಳ್ಳೇದು ತಗೋಳೂಣು, ಇದು ಬಡವರದು ಕಂಡಂಗ ಕಾಣ್ತೈತಿ ಎಂದೆ. ಅವಳು ನನ್ನ ಕಡೆ ತಿರುಗಲಿಲ್ಲ. ಅಂಗಡಿಯವರಿಗೆ ಹೇಳಿದಳು:

"ಒಬ್ಬರಿಗಷ್ಟ ಬರೂ ಕ್ಯಾಮೆರಾ ಬ್ಯಾಡ್ರಿ. ಬರೂದು ಒಬ್ಬಾಕಿಗೇ ಆದ್ರ ಅಕಿ ಯಾವತ್ತೂ ಫೋಟೋದಾಗ ಬರೂದಿಲ್ಲ. ಯಾರ ಕೈಯಾಗ ಕೊಟ್ರೂ ತಗಿಯಂಗ ಇರಬೇಕು. ಯಾರೂ ಹೊರಗ ಉಳೀಬಾರದು."

ಅಂಗಡಿಯವರು ಕರಿಯ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು ಕಿಂಡಿ ತೋರಿಸಿದರು. ಅವಳು ಕಂಡಿಕೆಯ ನೂಲು ಪರೀಕ್ಷಿಸುವವಳಂತೆ ಒಂದು ಕಣ್ಣು ಮುಚ್ಚಿ ಬೀದಿಯ ಕಡೆ ಹಿಡಿದಳು.

"ಈ ಕಿಂಡ್ಯಾಗ ಎಷ್ಟು ಕಾಣ್ತೈತಲ್ಲ, ಅದಕ್ಕಿಂತ ಸುತ್ತ ಬೆರಳಷ್ಟು ಹೆಚ್ಚಿಗೇ ಬರತೈತ್ರಿ. ಕಡಿಮಿ ಬರೂದಿಲ್ಲ. ದಂಡ್ಯಾಗ ನಿಂತಾವ್ರನ್ನ ಕತ್ತರಸ್ತೈತಿ ಅಂತ ಅಂಜಬ್ಯಾಡ್ರಿ" ಎಂದರು ಅಂಗಡಿಯವರು.

ಈ ಮಾತು ನನ್ನ ಕಿವಿಗೆ ಬಿತ್ತು. ಬಿದ್ದದ್ದು ಖರೆ. ಆದರೆ ಆಗ ನಾನು ಬೆಳ್ಳಿಯ ಕ್ಯಾಮೆರಾದ ಮೂತಿಯನ್ನು ಇನ್ನೊಂದು ಸಲ ಹೊರಗೆ ಬರಿಸುತ್ತಿದ್ದೆ.

ಕ್ಯಾಮೆರಾ ಬಂದ ಮೇಲೆ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ದೇವರ ಮಾಡದ ಪಕ್ಕದ ಗೂಡಿನಲ್ಲಿ ಇಟ್ಟರು. ರೀಲು ಹಾಕಿದ್ದು ಮಾತ್ರ ಆಲಮಟ್ಟಿಗೆ ಹೋಗುವ ದಿನ. ಡ್ಯಾಮು ನೋಡಿದ ಹಾಗೂ ಆಯಿತು, ಫೋಟೋ ಆದ ಹಾಗೂ ಆಯಿತು ಎಂದು ಅಪ್ಪ ಒಂದು ರವಿವಾರ ಗೊತ್ತು ಮಾಡಿದ. ಹಿಂದಿನ ದಿನ ನಾನು ಅಡಿಗೆಮನೆಗೆ ನೀರಿಗೆ ಹೋದಾಗ ಅವ್ವ ಅಪ್ಪನಿಗೆ ಮೆಲ್ಲಗೆ ಹೇಳುತ್ತಿದ್ದಳು:

"ಅಕ್ಕಾರ ಮಾರಿ ಫೋಟೋದಾಗ ಕಂಡ್ರ ಲೋಕಾಪುರದಾವ್ರು ಏನಂದಾರು? ಮನ್ಯಾಗ ತೊನ್ನ ಐತಿ, ನಾಳಿ ಕಸ್ತೂರಿಗೂ ಬಂದೀತು ಅಂದ್ರ?"

"ಬ್ಯಾಡ ಅಂತ ಅಕಿಗೆ ನಾ ಹೇಳ್ಲೇನು? ತಂದಾಕಿ ಅಕಿ."

ಅವರಿಬ್ಬರೂ ನನಗೆ ಏನೂ ಹೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡಬೇಕು. ಹೀಗೆ ಮಾಡು ಎಂದು ನನಗೆ ಯಾರೂ ಹೇಳಲಿಲ್ಲ.

ಜಮಖಂಡಿ, ಬೀಳಗಿ ದಾಟಿ ಹೋದೆವು. ಬೀಳಗಿಯ ಆಚೆ ಹಿನ್ನೀರು ರಸ್ತೆಯ ಹತ್ತಿರಕ್ಕೇ ಬಂದಿತ್ತು. ನೀರಿನ ನಡುವೆ ಜಾಲಿಗಿಡಗಳ ತಲೆ ಮಾತ್ರ ಕಾಣುತ್ತಿತ್ತು. ನೀಲತ್ತಿ ಕಿಟಕಿಯ ಪಕ್ಕ ಕೂತು, ಈ ಗಿಡ ಇರೂ ಜಾಗದಾಗ ಹೊಲ ಇತ್ತೇನೋ ಎಂದು ಅಪ್ಪನನ್ನು ಕೇಳಿದಳು. ಹೊಲವೂ ಇತ್ತು ಮನೆಯೂ ಇತ್ತು ಎಂದ ಅಪ್ಪ. ಡ್ಯಾಮಿನ ಮೇಲೆ ಫೋಟೋ ತೆಗೆಯುವ ಹಾಗಿಲ್ಲ ಎಂದು ಕಾವಲುಗಾರ ತಡೆದ. ಕೆಳಗೆ ತೋಟದ ಮೆಟ್ಟಿಲುಗಳ ಹತ್ತಿರ ನೆರಳು ಕಡಿಮೆ ಇದ್ದ ಜಾಗ ನೋಡಿ ನಿಂತೆವು. ಕ್ಯಾಮೆರಾ ನನ್ನ ಕೈಯಲ್ಲಿತ್ತು.

"ಸಾಲ್ಯಾಗ ಪ್ರಾರ್ಥನಾಕ್ಕ ನಿಂತಂಗ ನೆಟ್ಟಗ ನಿಂದ್ರರಿ" ಎಂದ ಅಪ್ಪ.

"ಮೊದಲ ನೀ ಹೊಟ್ಟಿ ಒಳಗ ಎಳಕೋಪಾ" ಎಂದಳು ಕಸ್ತೂರಿ.

ನನಗೆ ಕಾಣುವಂತೆ ಎಡಕ್ಕೆ ಅವ್ವ, ಆಮೇಲೆ ಕಸ್ತೂರಿ, ಆಮೇಲೆ ಅಪ್ಪ. ನೀಲತ್ತಿ ಕೊನೆಗೆ ಬಂದು ಅಪ್ಪನ ಆಚೆ, ಬಲದ ತುದಿಗೆ ನಿಂತಳು. ನಡುವೆ ಬಾ ಅಕ್ಕ ಎಂದು ಅಪ್ಪ ಕರೆದ.

"ಇರ್ಲಿ, ನಾ ದಡಿಗೇ ನಿಂದ್ರತೇನಿ. ಬೆಲಿ ಇರೂದು ಅಲ್ಲೇ."

ಎಲ್ಲರೂ ನಕ್ಕರು. ನಾನು ಕಿಂಡಿಗೆ ಕಣ್ಣಿಟ್ಟೆ. ನಾಲ್ವರೂ ಅದರೊಳಗೆ ಸಲೀಸಾಗಿ ಹಿಡಿಸಿದ್ದರು, ಎರಡೂ ಕಡೆ ಜಾಗ ಉಳಿದಿತ್ತು. ಆಗ ನೀಲತ್ತಿ ಸೆರಗನ್ನು ಬಾಯಿಂದ ತೆಗೆದಳು. ಮನೆಯ ಹೊರಗೆ, ಅಷ್ಟು ಜನ ಓಡಾಡುವ ಕಡೆ, ಅವಳು ಹಾಗೆ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಎರಡೂ ಕೈ ಕೆಳಗೆ ಬಿಟ್ಟಳು, ನೇರವಾಗಿ ನನ್ನ ಕಡೆ ನೋಡಿ ನಕ್ಕಳು. ಬಿಸಿಲು ಮುಖದ ಮೇಲೆ ಬಿದ್ದಿತ್ತು. ನಾನು ಕ್ಯಾಮೆರಾವನ್ನು ಒಂದು ಬೆರಳಷ್ಟು ಎಡಕ್ಕೆ ಸರಿಸಿದೆ. ಕಿಂಡಿಯಿಂದ ಅವಳು ಹೋದಳು. ಇನ್ನೂ ಸ್ವಲ್ಪ ಸರಿಸಿದೆ, ಅವಳ ಕೈಯೂ ಹೋಯಿತು. ಗುಂಡಿ ಒತ್ತಿದೆ.

ಕ್ಯಾಮೆರಾ ಕೆಳಗಿಳಿಸಿ ನೋಡಿದಾಗ ಅವಳು ಇನ್ನೂ ನಗುತ್ತಲೇ ಇದ್ದಳು, ಆಯಿತೋ ಇಲ್ಲವೋ ತಿಳಿಯದೆ. "ಆತೇನ ಯವ್ವಾ?" ಎಂದಳು. ಆತು ಎಂದೆ. ಇನ್ನೊಂದು ಇರಲಿ ಎಂದ ಅಪ್ಪ. ಇನ್ನೊಂದನ್ನೂ ಹಾಗೆಯೇ ತೆಗೆದೆ. ಕಾರಂಜಿಯ ಮುಂದೆ ಒಂದು, ಬುತ್ತಿ ಬಿಚ್ಚಿದಾಗ ಒಂದು, ಸಂಜೆ ಬಸ್ಸಿಗೆ ಕಾಯುವಾಗ ಒಂದು. ನಡುವೆ ನೀಲತ್ತಿ ನನ್ನ ಹತ್ತಿರ ಬಂದು ಕೈ ಚಾಚಿದಳು.

"ತಾ ಇಲ್ಲೆ. ನೀ ಹೋಗಿ ನಿಂದ್ರು, ನಾ ಒತ್ತತೇನಿ."

"ನಿನಗ ಬರೂದಿಲ್ಲತ್ತಿ. ರೀಲು ಹಾಳಾಗತೈತಿ."

"ಎಲ್ಲಾರಿಗೂ ಬರಲಿ ಅಂತನ ಸಾದಾದು ತಂದದ್ದಲ್ಲೇನ?"

ನಾನು ದಾರವನ್ನು ಮಣಿಕಟ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಂಡೆ. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮೆಟ್ಟಿಲಿನ ಮೇಲೆ ಬಿದ್ದಿದ್ದ ಕಡಲೆಯ ಸಿಪ್ಪೆ ಆರಿಸಿದಳು. ಆ ರೀಲಿನಲ್ಲಿ ನಾನೂ ಇಲ್ಲ.

ತೊಳೆಸಿ ತಂದ ಫೋಟೋಗಳನ್ನು ಅಪ್ಪ ಕುಣಿಯ ಹಲಗೆಯ ಮೇಲೆ ಸಾಲಾಗಿ ಹರಡಿದ. ಎಲ್ಲರೂ ಸುತ್ತ ಕೂತೆವು. ಒಂದೊಂದನ್ನೇ ನೋಡುತ್ತ ಹೋದ ಹಾಗೆ ಅಪ್ಪನ ಮುಖ ಬದಲಾಯಿತು.

"ಅಕ್ಕ ಎಲ್ಲಿ?"

ಅಪ್ಪ ಮೆಟ್ಟಿಲಿನ ಫೋಟೋ ಎತ್ತಿ ಬೆಳಕಿಗೆ ಹಿಡಿದ. ಬಲದ ತುದಿಯಲ್ಲಿ, ಅವನ ತೋಳಿನ ಆಚೆ, ನೂಲಿನಷ್ಟು ಅಗಲಕ್ಕೆ ಒಂದು ಕೆಂಪು ಪಟ್ಟಿ ಮೇಲಿಂದ ಕೆಳಕ್ಕೆ ಇಳಿದಿತ್ತು.

"ಇದು ಅಕ್ಕನ ಸೀರಿ ದಡಿ ಅಲ್ಲೇನ? ಎಲ್ಲಾದರಾಗೂ ಹಿಂಗ ಯಾಕಾತು, ಮಾದೇವಿ?"

ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಬಸ್ಸಿನಲ್ಲಿ ಬರುವಾಗಲೇ ಮಾಡಿ ಇಟ್ಟುಕೊಂಡಿದ್ದೆ.

"ಸೋವಿ ಕ್ಯಾಮೆರಾ ಅಪ್ಪ. ಕಿಂಡ್ಯಾಗ ಎಲ್ಲಾರೂ ಕಂಡಿದ್ರು. ಅದು ದಂಡಿ ಕತ್ತರಸ್ತೈತಿ. ಬೆಳ್ಳೇದು ತಗೋರಿ ಅಂತ ನಾ ಅವತ್ತ ಹೇಳಿದ್ದೆ."

ನೀಲತ್ತಿ ಆ ಫೋಟೋವನ್ನು ಅಪ್ಪನ ಕೈಯಿಂದ ಇಸಿದುಕೊಂಡಳು. ಬಹಳ ಹೊತ್ತು ನೋಡಿದಳು. ಕೆಂಪು ಪಟ್ಟಿಯ ಮೇಲೆ ಹೆಬ್ಬೆರಳು ಇಟ್ಟು ಸೀರೆಯ ದಡಿ ತಿಕ್ಕಿದ ಹಾಗೆ ಒಂದು ಸಲ ತಿಕ್ಕಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇತ್ತೇ ಎಂದು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ಇರಲಿಲ್ಲ.

"ಹೌದು. ನಾ ಸೋವಿದು ಆರಿಸಿದ್ದು ತಪ್ಪಾತು" ಎಂದಳು ಅಪ್ಪನಿಗೆ. "ಹುಡುಗಿನ್ನ ಬೈಬ್ಯಾಡ. ದಡಿ ಬಂದೈತಲ್ಲ, ಸಾಕು."

ಮರುದಿನ ಅವ್ವ ಆ ಫೋಟೋ ತೆಗೆದುಕೊಂಡು ನೂಲು ಕತ್ತರಿಸುವ ಸಣ್ಣ ಕತ್ತರಿಯಿಂದ ಕೆಂಪು ಪಟ್ಟಿಯನ್ನು ನೀಟಾಗಿ ಕತ್ತರಿಸಿ ತೆಗೆದು, ಉಳಿದದ್ದನ್ನು ಲೋಕಾಪುರಕ್ಕೆ ಕಳಿಸಲು ಪಾಕೀಟಿನಲ್ಲಿ ಹಾಕಿದಳು. ನೀಲತ್ತಿ ಅದೇ ಕೋಣೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಕತ್ತರಿಯ ಸದ್ದಿಗೆ ರಾಟಿ ನಿಂತಿತು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ರಾಟಿ ಮತ್ತೆ ತಿರುಗಿತು.

ಸಂಬಂಧ ಕೂಡಿತು. ಲೋಕಾಪುರದವರು ಕನ್ಯೆ ನೋಡಲು ಬಂದ ದಿನ ನೀಲತ್ತಿ ತಾನಾಗಿಯೇ ಹಿಪ್ಪರಗಿಯ ನೆಂಟರ ಮನೆಗೆ ಹೋಗಿದ್ದಳು. ಮದುವೆಯಲ್ಲಿ ಉಗ್ರಾಣದ ಬಾಗಿಲು ಬಿಟ್ಟು ಆಚೆ ಬರಲಿಲ್ಲ. ಕಸ್ತೂರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು, ಹೆಣ್ಣು ಮಗು ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ಬೀಗರು ಬಂದರು. ಅಷ್ಟರಲ್ಲಿ ಬಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ. ಬಾಣಂತಿಗೆ ಎರೆಯುವುದು, ಮಗುವಿಗೆ ಹೊಗೆ ಹಾಕುವುದು ಎಲ್ಲವೂ ನೀಲತ್ತಿಯ ಕೈಯಲ್ಲೇ ಇತ್ತು. ಕಸ್ತೂರಿಯ ಗಂಡನ ತಾಯಿ ಮಗುವನ್ನು ಇಸಿದುಕೊಳ್ಳುವಾಗ ಆ ಬೆರಳುಗಳನ್ನು ನೋಡಿದರು. ಅವ್ವ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದಳು.

"ನಮ್ಮ ಮಾವನಾರಿಗೂ ಇತ್ರಿ" ಎಂದರು ಆ ಹೆಂಗಸು, ಮಗುವಿನ ಟೊಪ್ಪಿಗೆ ಸರಿ ಮಾಡುತ್ತ. "ಮೈತುಂಬ ಇತ್ತು. ಬ್ಯಾಸಗ್ಯಾಗ ಭಾಳ ಉರಿ ಅಂತಿದ್ರು. ನಿಮಗೂ ಉರಿ ಆಕ್ಕೈತೇನ್ರಿ?"

ನನಗೆ ತಿಳಿದ ಮಟ್ಟಿಗೆ ಉರಿಯುತ್ತದೆಯೇ ಎಂದು ನೀಲತ್ತಿಯನ್ನು ಕೇಳಿದವರು ಅವರೊಬ್ಬರೇ.

ಆ ದಿನ ಕ್ಯಾಮೆರಾ ಕಸ್ತೂರಿಯ ಗಂಡನ ಕೈಗೆ ಬಂತು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ, ತೊಟ್ಟಿಲ ಸುತ್ತ ಇಷ್ಟು ಮಂದಿ ಹಿಡಿಸುತ್ತಾರೋ ಇಲ್ಲವೋ ಎಂದು ಹಿಂಜರಿದ. ನೀಲತ್ತಿ ಅವನ ಪಕ್ಕ ನಿಂತು ಕಿಂಡಿ ತೋರಿಸಿದಳು.

"ಅಂಜಬ್ಯಾಡ್ರಿ ಅಳಿಯಾರ. ಇದರಾಗ ಕಂಡದ್ದಕ್ಕಿಂತ ಬೆರಳಷ್ಟು ಹೆಚ್ಚಿಗೇ ಬರತೈತಿ. ಕಡಿಮಿ ಬರೂದಿಲ್ಲ. ದಂಡ್ಯಾಗ ನಿಂತಾವ್ರನ್ನ ಇದು ಯಾವತ್ತೂ ಕತ್ತರಸೂದಿಲ್ಲ."

ನಾನು ಆರತಿಯ ತಟ್ಟೆ ಹಿಡಿದು ನಿಂತಿದ್ದೆ. ಜಮಖಂಡಿಯ ಅಂಗಡಿ, ಮಫ್ಲರು, ಬೆಳ್ಳಿಯ ಮೂತಿಯ ಗುರ್ ಎಂಬ ಸದ್ದು, ಅದರ ಹಿಂದೆ ಕೇಳಿಸಿದ್ದ ಆ ಮಾತು ಎಲ್ಲ ಒಟ್ಟಿಗೆ ಬಂದು ನಿಂತವು. ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಹಲಗೆಯ ಮೇಲೆ ಫೋಟೋ ಹರಡಿದ ಆ ಗಳಿಗೆಯಲ್ಲಿ ಅಪ್ಪನ ಮುಂದೆ ಒಂದು ಮಾತು ಆಡಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಅದನ್ನು ಆಡದೆ, ತಾನು ಆರಿಸಿ ತಂದ ಕ್ಯಾಮೆರಾದ ಮೇಲೆ ತಪ್ಪು ಹೊರಿಸಿದ್ದಳು. ನೀವೂ ಬರ್ರಿ ಅಕ್ಕಾರ ಎಂದು ಅಳಿಯ ಕರೆದ. "ತೊಟ್ಟಲಾ ತೂಗಾವ್ರು ಬೇಕಲ್ರಿ" ಎಂದು ಅವಳು ತೊಟ್ಟಿಲಿನ ಹಿಂದೆ ಬಗ್ಗಿದಳು. ಆಲಮಟ್ಟಿಯ ನಂತರ ಯಾರು ಕ್ಯಾಮೆರಾ ಎತ್ತಿದರೂ ಅವಳ ಕೈ ಸೆರಗಿಗೆ ಹೋಗುತ್ತಿತ್ತು.

ಬೀಗರು ಹೋದ ಮೇಲೆ ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಹೋಗಿ ಎದುರಿಗೆ ಕೂತೆ.

"ಅತ್ತಿ, ಆ ಡ್ಯಾಮಿನ ಫೋಟೋ..."

"ಕ್ಯಾಮೆರಾ ಸೋವಿದು, ಯವ್ವಾ" ಎಂದಳು, ತಲೆ ಎತ್ತದೆ. "ಆ ಚರಗಿ ಇತ್ತ ಸರಸು."

ಚರಿಗೆ ಸರಿಸಿದೆ. ಮುಂದಿನ ಮಾತು ಆಡಲು ನನಗೆ ಎಷ್ಟೋ ವರ್ಷಗಳು ಸಿಕ್ಕವು. ನಾನು ಆಡಲಿಲ್ಲ. ಓದಿದೆ, ಪಕ್ಕದ ಬನಹಟ್ಟಿಯಲ್ಲಿ ಶಿಕ್ಷಕಿಯಾದೆ, ನಮ್ಮ ಮನೆಯಿಂದ ಎರಡು ಓಣಿಯ ಆಚೆಗೇ ಮದುವೆಯಾಯಿತು. ವಾರಕ್ಕೊಮ್ಮೆ ತವರಿಗೆ ಹೋದರೆ ಅವಳು ನನ್ನ ಚೀಲದಲ್ಲಿ ರೊಟ್ಟಿ ಕಟ್ಟಿಡುತ್ತಿದ್ದಳು.

ನೀಲತ್ತಿ ತೀರಿಕೊಂಡದ್ದು ಮೂರು ದಿನದ ಜ್ವರದಲ್ಲಿ. ದಿವಸದ ಊಟಕ್ಕೆ ಒಂದು ಫೋಟೋ ಇಡಬೇಕು ಎಂದ ಅಪ್ಪ. ಆಲ್ಬಮ್ಮುಗಳನ್ನು ನಾವು ಕುಣಿಯ ಹಲಗೆಯ ಮೇಲೆ ಮತ್ತೆ ಹರಡಿದೆವು. ಮುಖ ಇದ್ದದ್ದು ಒಂದೂ ಇರಲಿಲ್ಲ. ಎಲ್ಲೋ ಬಾಗಿದ ಬೆನ್ನು, ಎಲ್ಲೋ ಕಣ್ಣಿನವರೆಗೆ ಸೆರಗು. ಕೊನೆಗೆ ಟ್ರಂಕಿನಲ್ಲಿ ಅವಳ ಮತದಾರರ ಗುರುತಿನ ಚೀಟಿ ಸಿಕ್ಕಿತು. ಮೇಲಿನ ಪ್ಲಾಸ್ಟಿಕ್ಕು ಹಳದಿಯಾಗಿ ಎದ್ದಿತ್ತು, ಉಗುರಿನಷ್ಟು ಮುಖ ಮಸುಕಾಗಿ ಕಣ್ಣು ಮೂಗು ಮಾತ್ರ ತಿಳಿಯುತ್ತಿದ್ದವು. ಅದನ್ನು ನಾನು ಪೇಟೆಯ ಸ್ಟುಡಿಯೋಗೆ ಒಯ್ದೆ. ಸ್ಟುಡಿಯೋದವನು ಅದನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದ, ಮಸುಕನ್ನು ತೆಗೆದು ಬಣ್ಣ ಕೊಟ್ಟ. ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ನೀಲತ್ತಿಯಂಥ ಒಬ್ಬ ಹೆಂಗಸು ಮೂಡಿದಳು. ತುಟಿ ಕಂದು, ಗಲ್ಲ ನುಣುಪು.

"ಹಿಂಗ ಇರಲೇನ್ರಿ ಬಾಯಾರ? ಮಾರಿ ಮ್ಯಾಲೆ ಗುರುತು ಗಿರುತು ಇದ್ದುವೇನು?"

"ಬಿಳುಪು ಇತ್ರಿ. ತೊನ್ನು. ಅದನ್ನ ಹಾಕ್ರಿ."

ಅವನು ಒಂದು ಕ್ಷಣ ನನ್ನನ್ನು ನೋಡಿದ. ತೆಗೆಸುವವರು ಬರುತ್ತಾರೆ, ಹಾಕಿಸುವವರು ಬಂದದ್ದು ಇದೇ ಮೊದಲು ಎಂದು ಅವನು ಬಾಯಿ ಬಿಟ್ಟು ಹೇಳಲಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿದ.

"ಎಲ್ಲೆಲ್ಲಿ ಇತ್ತು, ಬೆರಳಿಟ್ಟು ತೋರಸ್ರಿ."

ಬೆರಳೆತ್ತಿದೆ. ಕೆಳತುಟಿಯೋ, ಮೇಲಿನದೂ ಸೇರಿಯೋ. ಪೂರ್ತಿಯೋ, ಒಂದು ಕಡೆಯೋ. ಕಣ್ಣಿನ ಹತ್ತಿರ ಇನ್ನೊಂದು ಇತ್ತು, ಎಡಗಣ್ಣೋ ಬಲಗಣ್ಣೋ. ಗದ್ದದ ಕೆಳಗೆ ಇತ್ತೋ ಇಲ್ಲವೋ. ಅಂಗಡಿಯವರ ಮಫ್ಲರು ನೆನಪಿದೆ, ಪೆನ್ಸಿಲ್ ಸೆಲ್ಲು ನೆನಪಿದೆ, ಬಿಸಿಲು ಯಾವ ಕಡೆಯಿಂದ ಬಿದ್ದಿತ್ತೆಂಬುದೂ ನೆನಪಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ಸೂರಿನಡಿ ಇದ್ದ ಮುಖವನ್ನು ನಾನು ಒಮ್ಮೆಯೂ ನೆಟ್ಟ ಕಣ್ಣಿನಿಂದ ನೋಡಿರಲಿಲ್ಲ. ಬರುತ್ತೇನೆ ಎಂದು ಹೇಳಿ ಎದ್ದು ಮನೆಗೆ ನಡೆದೆ.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕೇಳಿದ್ದಕ್ಕೆ ಅವಳು ಯೋಚಿಸಲೂ ಇಲ್ಲ. ಹಿಟ್ಟಿನ ಕೈಯಿಂದಲೇ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿಗೆ ಜೋಳದ ಹಿಟ್ಟು ಹಚ್ಚಿಕೊಂಡು ನನ್ನ ಕೆಳತುಟಿಯ ಮೇಲೆ ಎಡದಿಂದ ನಡುವಿನ ತನಕ ಎಳೆದಳು. ಮೇಲಿನ ತುಟಿಯ ಬಲ ಮೂಲೆಯಲ್ಲಿ ಒಂದು ಬೊಟ್ಟು. ಬಲಗಣ್ಣಿನ ಹೊರ ತುದಿಯಲ್ಲಿ ಹುಣಸೆ ಬೀಜದಷ್ಟು. ಎಡ ಕಿವಿಯ ಕೆಳಗೆ ಒಂದು ಗೆರೆ.

"ಇಲ್ಲೆ. ಇಲ್ಲೆ. ಇದು ಮೊದಲು ಸಣ್ಣದಿತ್ತು, ಕಸ್ತೂರಿ ಮದವಿ ವರ್ಷ ದೊಡ್ಡದಾತು."

"ಇಷ್ಟೆಲ್ಲಾ ಹೆಂಗ ನೆನಪೈತಿ ಬೇ?"

"ಮುಚ್ಚಿಡೂದನ್ನ ದಿನಾ ನೋಡಬೇಕಾಗತೈತಿ" ಎಂದಳು ಅವ್ವ. ಆಮೇಲೆ ಹಂಚಿನ ಮೇಲಿನ ರೊಟ್ಟಿ ಸೀಯುವ ತನಕ ಅದನ್ನು ತಿರುವಿ ಹಾಕಲಿಲ್ಲ. "ಒರಸ್ಕೋಬ್ಯಾಡ. ಹಿಂಗ ಹೋಗು. ಇಲ್ಲಾಂದ್ರ ಮತ್ತ ಮರಿತಿ."

ಹೊಸ್ತಿಲು ದಾಟಿದೆ. ಓಣಿಯಲ್ಲಿ ಇಬ್ಬರು ಹೆಂಗಸರು ಎದುರಿಗೆ ಬರುತ್ತಿದ್ದರು, ಅವರ ಹಿಂದೆ ನನ್ನ ಶಾಲೆಯ ಮಕ್ಕಳು. ನನ್ನ ಕೈ ತಾನಾಗಿ ಸೆರಗಿನ ತುದಿ ಹಿಡಿದು ಬಾಯಿಗೆ ಅಡ್ಡ ತಂದಿತು. ಪೇಟೆಯ ತನಕ ಹಾಗೆಯೇ ನಡೆದೆ. ಸೆರಗಿನ ಒಳಗೆ ನನ್ನದೇ ಉಸಿರು ಬಿಸಿಯಾಗಿ ಮುಖಕ್ಕೆ ಬಡಿಯುತ್ತಿತ್ತು. ನೀಲತ್ತಿಯ ಕಂಡಿಕೆಯ ನೂಲು ಸೇರಿದ್ದ ಹಳೆಯ ಸೀರೆ ಅದು. ದಡಿ ಒರಟಾಗಿತ್ತು.

ಸ್ಟುಡಿಯೋದ ಕುರ್ಚಿಯಲ್ಲಿ ಕೂತು ಸೆರಗನ್ನು ತೆಗೆದೆ.

"ಇಲ್ಲಿ ನೋಡ್ರಿ. ಹಿಂಗ ಇತ್ತು."

ಅವನು ನೋಡಿದ. ತುಟಿಯ ಹತ್ತಿರ ಬಂದ ಅವನ ಕಣ್ಣು ಅಲ್ಲಿ ನಿಲ್ಲದೆ ಮೆಲ್ಲಗೆ ಎಡಕ್ಕೆ, ನನ್ನ ಭುಜದ ಆಚೆಯ ಗೋಡೆಗೆ ಸರಿಯಿತು. ಒಂದು ಬೆರಳಷ್ಟು.